ಏರಿಗೆ ಹುಲ್ಲು, ಹಿನ್ನೀರ ದಡಕ್ಕೆ ಮರ: ಕೆರೆಯಂಚಿಗೆ ನಾಡಿನ ಸಸ್ಯಗಳನ್ನು ಆರಿಸುವ ಬಗೆ

ಮುಂಗಾರು ಹತ್ತಿರವಾದಾಗ ಮೈಸೂರು, ಮಂಡ್ಯ ಜಿಲ್ಲೆಗಳ ಊರುಗಳಲ್ಲಿ ಕೆರೆಯ ದಡಕ್ಕೆ ಏನಾದರೂ ನೆಡಬೇಕೆಂಬ ಮಾತು ಏಳುತ್ತದೆ. ಹಿಂದಿನ ಹಿಂಗಾರಿನಲ್ಲಿ ದಡ ಕುಸಿದಿರುತ್ತದೆ, ಏರಿಯ ಹೊರಮೈಯಲ್ಲಿ ಕೊರಕಲು ಬಿದ್ದಿರುತ್ತದೆ, ಇಲ್ಲವೇ ಹೂಳೆತ್ತಲು ಬಂದ ಜೆಸಿಬಿ ಅಂಚನ್ನು ಗೋಡೆಯಂತೆ ನೆಟ್ಟಗೆ ಕಡಿದು ಹೋಗಿರುತ್ತದೆ. ಆಗ ಒಬ್ಬರು ಲಾವಂಚ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಹೊಂಗೆ ಸಾಕು ಎನ್ನುತ್ತಾರೆ, ಮತ್ತೊಬ್ಬರು ಸುತ್ತಲೂ ಕಲ್ಲು ಕಟ್ಟಿಸಿಬಿಟ್ಟರೆ ತಲೆನೋವೇ ಇರುವುದಿಲ್ಲ ಎನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ; ಆದರೆ ಮೂವರೂ ಒಂದೇ ಕೆರೆಯ ಬೇರೆ ಬೇರೆ ಅಂಚುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರುತ್ತಾರೆ. ಒಂದು ಅಂಚನ್ನು ಕಾಯುವ ಗಿಡವೇ ಇನ್ನೊಂದು ಅಂಚನ್ನು ಕೆಡಿಸಬಲ್ಲದು. ಆದ್ದರಿಂದ ಯಾವ ಗಿಡ ಎಂದು ಕೇಳುವ ಮೊದಲು ಯಾವ ಅಂಚು ಎಂದು ಕೇಳಿಕೊಳ್ಳಬೇಕು. ಈ ಬರಹದ ಹೋಲಿಕೆಗಳೆಲ್ಲ ಆ ಕ್ರಮದಲ್ಲೇ ಸಾಗುತ್ತವೆ.

ಮೊದಲು ಕೆರೆಯನ್ನು ನೋಡಿ

ನಮ್ಮ ಕೆರೆಗಳಲ್ಲಿ ಹೆಚ್ಚಿನವು ತಾವಾಗಿ ಉಂಟಾದ ಸರೋವರಗಳಲ್ಲ. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸಿದವು. 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯಾಗಲಿ, 1864ರ ಕುಕ್ಕರಹಳ್ಳಿ ಕೆರೆಯಾಗಲಿ ಈ ಮಾತಿಗೆ ಹೊರತಲ್ಲ. ಹೀಗಾಗಿ ಒಂದು ಕೆರೆಗೆ ಕನಿಷ್ಠ ನಾಲ್ಕು ಬಗೆಯ ಅಂಚುಗಳಿರುತ್ತವೆ: ಅಲೆ ಬಡಿಯುವ ಏರಿಯ ಒಳಮೈ, ಗದ್ದೆಯ ಕಡೆಗೆ ಇಳಿಯುವ ಏರಿಯ ಹೊರಮೈ, ನೀರು ಹಿಂದೆ ಮುಂದೆ ಸರಿಯುವ ಹಿನ್ನೀರ ದಡ, ಮತ್ತು ಮಳೆನೀರನ್ನು ತರುವ ಹಳ್ಳ ಅಥವಾ ಕಾಲುವೆಯ ಬಾಯಿ. ಏರಿಯ ಮಣ್ಣನ್ನು ಮನುಷ್ಯರು ಹಾಕಿ ತುಳಿಸಿದ್ದಾರೆ. ಹಿನ್ನೀರ ದಡದ ಮಣ್ಣು ಅಲ್ಲೇ ಹುಟ್ಟಿದ್ದು. ಗಿಡದ ಆಯ್ಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಈ ಸಂಗತಿಯೇ.

ಎರಡನೆಯದಾಗಿ, ನೀರಿನ ಮಟ್ಟ ವರ್ಷದಲ್ಲಿ ಎಷ್ಟು ಏರಿಳಿಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ನಾಗಮಂಗಲದ ಕಡೆಯ ಮಳೆಯಾಶ್ರಿತ ಕೆರೆಗಳು ಹಸ್ತ, ಚಿತ್ತೆ ಮಳೆಗಳಿಗೆ ತುಂಬಿದರೂ ಬೇಸಿಗೆಗೆ ಕೆರೆಯಂಗಳ ಬಿರುಕು ಬಿಡುವಷ್ಟು ಒಣಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ನೀರು ಮತ್ತು ಗದ್ದೆಗಳ ಬಸಿನೀರು ಸೇರುವ ಮಂಡ್ಯ, ಮದ್ದೂರು ಸುತ್ತಿನ ಕೆರೆಗಳು ವರ್ಷದ ಹೆಚ್ಚಿನ ಕಾಲ ಒದ್ದೆಯಾಗಿರುತ್ತವೆ. ನಗರದ ಕೊಳಚೆ ನೀರು ಸೇರುವ ಕೆರೆಗಳಲ್ಲಿ ಮಟ್ಟ ಅಷ್ಟಾಗಿ ಬದಲಾಗದಿದ್ದರೂ ಸಾರಜನಕ ಮತ್ತು ರಂಜಕ ಹೆಚ್ಚಿರುವುದರಿಂದ ನೀರ ಕಳೆಗಳು ಕೊಬ್ಬಿ ಬೆಳೆಯುತ್ತವೆ. ನಾಗಮಂಗಲದ ಕೆರೆಯಲ್ಲಿ ಬದುಕುಳಿಯಲು ಹೆಣಗುವ ಜೊಂಡು ನಗರದ ಕೆರೆಯಲ್ಲಿ ಎರಡು ವರ್ಷಕ್ಕೆ ಅಂಚನ್ನೆಲ್ಲ ನುಂಗುವುದು ಇದರಿಂದಲೇ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಊರಿನ ನೀರುಗಂಟಿಯನ್ನು ಒಂದು ಸಂಜೆ ಜೊತೆಯಲ್ಲಿ ಕರೆದುಕೊಂಡು ಏರಿಯ ಮೇಲೆ ನಡೆದರೆ, ತುಂಬಿದಾಗ ನೀರು ಎಲ್ಲಿಗೆ ಬರುತ್ತದೆ, ತೂಬು ಎತ್ತಿದ ಮೇಲೆ ಎಷ್ಟು ದಿನಕ್ಕೆ ಇಳಿಯುತ್ತದೆ, ಯಾವ ಮೂಲೆಯಲ್ಲಿ ಮಣ್ಣು ಜಾರುತ್ತದೆ ಎಂಬುದೆಲ್ಲ ನಕ್ಷೆಗಿಂತ ಚೆನ್ನಾಗಿ ತಿಳಿಯುತ್ತದೆ.

ಏರಿಯ ಮೇಲೆ ಮರವೇ ಹುಲ್ಲೇ

ಈ ಪ್ರಶ್ನೆಗೆ ಉತ್ತರ ಒಂದೇ: ಹುಲ್ಲು. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಮರದ ಬೇರು ಬದುಕಿರುವಷ್ಟು ಕಾಲ ಮಣ್ಣನ್ನು ಹಿಡಿಯುತ್ತದೆ ನಿಜ. ಆದರೆ ಮರ ಸತ್ತ ಮೇಲೆ ಅಥವಾ ಕಡಿದ ಮೇಲೆ ಆ ಬೇರು ಕೊಳೆತು, ಏರಿಯೊಳಗೆ ಅದೇ ಗಾತ್ರದ ಕೊಳವೆಯೊಂದು ಉಳಿಯುತ್ತದೆ. ತುಂಬಿದ ಕೆರೆಯ ನೀರು ಆ ಕೊಳವೆಯಲ್ಲಿ ದಾರಿ ಮಾಡಿಕೊಂಡು ಮಣ್ಣನ್ನು ಕಣಕಣವಾಗಿ ಹೊರಗೆ ಸಾಗಿಸತೊಡಗಿದರೆ ಏರಿ ಒಡೆಯುವುದು ಹೆಚ್ಚು ದೂರವಿರುವುದಿಲ್ಲ. ಬದುಕಿರುವ ದೊಡ್ಡ ಮರವೂ ಆಷಾಢದ ಗಾಳಿಗೆ ತೂಗಾಡುತ್ತ ಬುಡದ ಮಣ್ಣನ್ನು ಸಡಿಲಿಸುತ್ತದೆ. ಬುಡಮೇಲಾಗಿ ಉರುಳಿದರಂತೂ ಏರಿಯ ಒಂದು ತುಂಡನ್ನೇ ಕಿತ್ತುಕೊಂಡು ಬೀಳುತ್ತದೆ. ಇದರ ಜೊತೆಗೆ ಮರದ ನೆರಳಿನಲ್ಲಿ ಹುಲ್ಲು ಸಾಯುತ್ತದೆ, ಪೊದೆ ಬೆಳೆದ ಕಡೆ ಹೆಗ್ಗಣ ಮತ್ತು ಏಡಿಗಳ ಬಿಲ ಕಣ್ಣಿಗೆ ಬೀಳುವುದಿಲ್ಲ, ಹೊರಮೈಯಲ್ಲಿ ನೀರು ಜಿನುಗುತ್ತಿದ್ದರೂ ಗೊತ್ತಾಗುವುದಿಲ್ಲ.

ನಮ್ಮ ಸೀಮೆಯ ಒಂದು ಕೆರೆಯಲ್ಲಿ ವನಮಹೋತ್ಸವದ ಉತ್ಸಾಹದಲ್ಲಿ ಏರಿಯ ಉದ್ದಕ್ಕೂ ಸಸಿ ನೆಡುತ್ತಿದ್ದಾಗ, ವಯಸ್ಸಾದ ನೀರುಗಂಟಿಯೊಬ್ಬರು "ಮರ ಬೇಕಾದ್ರೆ ತೋಟುದ್ ಬೇಲಿಗೆ ಹಾಕ್ಕಳಿ ಸ್ವಾಮಿ, ಏರಿಗ್ ಬ್ಯಾಡ" ಎಂದು ಹೇಳಿದ್ದು ನೆನಪಿದೆ. ನೆಡಲು ಬಂದಿದ್ದ ನಮಗೆ ಆ ಮಾತು ಆಗ ರುಚಿಸಲಿಲ್ಲ. ಈಗಾಗಲೇ ಏರಿಯ ಮೇಲೆ ಹಳೆಯ ಆಲವೋ ಹುಣಸೆಯೋ ಇದ್ದರೆ ಅದನ್ನು ಅವಸರದಿಂದ ಕಡಿಯುವುದೂ ತಪ್ಪು, ಏಕೆಂದರೆ ಕೊಳೆಯುವ ಬೇರಿನ ಅಪಾಯ ಶುರುವಾಗುವುದು ಕಡಿದ ಮೇಲೆಯೇ. ಅಂಥ ಮರದ ಸುತ್ತ ಜಿನುಗು ಇದೆಯೇ ಎಂದು ಮಳೆಗಾಲದಲ್ಲಿ ಗಮನಿಸುತ್ತ, ತೀರ್ಮಾನವನ್ನು ಇಲಾಖೆಯ ಇಂಜಿನಿಯರಿಗೆ ಬಿಡುವುದು ಒಳ್ಳೆಯದು.

ಗರಿಕೆ ಮತ್ತು ಲಾವಂಚ

ಏರಿಗೆ ಹುಲ್ಲೇ ಎಂದಾದ ಮೇಲೆ ಯಾವ ಹುಲ್ಲು ಎಂಬುದು ನಿಜವಾದ ಹೋಲಿಕೆ. ಗರಿಕೆ ನೆಲದ ಮೇಲೆ ಹರಡುತ್ತದೆ, ಲಾವಂಚ ನೆಲದೊಳಕ್ಕೆ ಇಳಿಯುತ್ತದೆ. ಉಳಿದ ಗುಣಾವಗುಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಗರಿಕೆಯ ಕುಡಿ ಗಂಟುಗಂಟಿಗೂ ಬೇರು ಬಿಟ್ಟು ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯದಂತೆ, ಹರಿಯುವ ನೀರು ಒಂದೆಡೆ ಸೇರಿ ಕೊರಕಲು ಮಾಡದಂತೆ ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ದನ ಮೇದರೂ, ಜನ ತುಳಿದರೂ ಮತ್ತೆ ಚಿಗುರುತ್ತದೆ. ಗದ್ದೆಯ ಬದುವಿನಿಂದ ಹೆಂಟೆ ಸಮೇತ ಕಿತ್ತು ತಂದು ಇಳಿಜಾರಿಗೆ ಒತ್ತಿ, ಸ್ವಲ್ಪ ಕಾಲ ನೀರು ಚಿಮುಕಿಸಿದರೆ ಹತ್ತಿಕೊಳ್ಳುತ್ತದೆ. ಸಸಿಗೆ ಕಾಸು ಕೊಡಬೇಕಾಗಿಲ್ಲ. ಆದರೆ ಅದರ ಬೇರಿನ ಬಹುಪಾಲು ಮೇಲಿನ ಒಂದಡಿಯೊಳಗೇ ಇರುವುದರಿಂದ, ತೂಬು ಎತ್ತಿ ನೀರನ್ನು ಬೇಗ ಇಳಿಸಿದಾಗ ನೀರುಂಡ ಮಣ್ಣು ಹೋಳಾಗಿ ಜಾರುವುದನ್ನು ಗರಿಕೆ ತಡೆಯಲಾರದು. ನೆರಳಿನಲ್ಲಿ ಅದು ಬಾಳುವುದಿಲ್ಲ. ಅಚ್ಚುಕಟ್ಟಿನ ರೈತರು ಗರಿಕೆ ಗದ್ದೆಗೆ ನುಗ್ಗುತ್ತದೆಂದು ಗೊಣಗಿದರೆ ಅವರ ಮಾತಿನಲ್ಲೂ ನ್ಯಾಯವಿದೆ. ಏರಿಯ ಬುಡದಲ್ಲಿ ಒಂದು ಬಸಿಗಾಲುವೆ ಇದ್ದರೆ ಆ ಜಗಳ ಅರ್ಧ ತಗ್ಗುತ್ತದೆ.

ಲಾವಂಚದ ವಿಷಯದಲ್ಲಿ ನಾವು ಹೊರಗಿನಿಂದ ಕಲಿಯಬೇಕಾದ್ದು ಕಡಿಮೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣಾ ತಜ್ಞರು ಲಾವಂಚದ ಬೇಲಿಯನ್ನು ಅನೇಕ ದೇಶಗಳಿಗೆ ಪರಿಚಯಿಸಿದರು. ಅವರು ತಮ್ಮ ವಾದಕ್ಕೆ ಆಧಾರವಾಗಿ ತೋರಿಸಿದ ಉದಾಹರಣೆಗಳಲ್ಲಿ, ಆಗ ಮೈಸೂರು ಜಿಲ್ಲೆಯಲ್ಲಿದ್ದ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಬೆಳೆಸುತ್ತ ಬಂದಿದ್ದ ಲಾವಂಚದ ಸಾಲುಗಳೂ ಇದ್ದವು. ಇದರ ಬೇರು ಪಕ್ಕಕ್ಕೆ ಹರಡುವುದಕ್ಕಿಂತ ನೆಟ್ಟಗೆ ಕೆಳಗಿಳಿಯುತ್ತದೆ. ಸಡಿಲ ಮಣ್ಣಿನಲ್ಲಿ ಎರಡು ಮೂರು ಮೀಟರ್ ಆಳ ಮುಟ್ಟುವುದು ಅಪರೂಪವಲ್ಲ. ಬೇರಿನ ಎಳೆತ ತಾಳುವ ಶಕ್ತಿ ಸರಾಸರಿ 75 ಮೆಗಾಪ್ಯಾಸ್ಕಲ್, ಎಂದರೆ ಸಾಧಾರಣ ಉಕ್ಕಿನದರ ಸುಮಾರು ಆರನೆಯ ಒಂದು ಪಾಲು ಎಂದು ಅಳೆದಿದ್ದಾರೆ. ಬೇರು ತೆಳುವಾದ್ದರಿಂದ ಸತ್ತರೂ ಮರದ ಬೇರಿನಂತೆ ದೊಡ್ಡ ಕೊಳವೆ ಉಳಿಯುವುದಿಲ್ಲ. ಚೆನ್ನಾಗಿ ಬೇರೂರಿದ ಬುಡ ಕೆಲವು ವಾರ ನೀರಲ್ಲಿ ಮುಳುಗಿದ್ದರೂ ಮತ್ತೆ ಚಿಗುರುತ್ತದೆ.

ಹಾಗೆಂದು ಏರಿಯನ್ನೆಲ್ಲ ಲಾವಂಚದಿಂದ ಮುಚ್ಚುವುದು ಜಾಣತನವಲ್ಲ. ಅದು ನೆಲವನ್ನು ಹೊದೆಯುವ ಹುಲ್ಲಲ್ಲ. ಸಾಲಿನಲ್ಲಿ ಒತ್ತೊತ್ತಾಗಿ ನೆಟ್ಟಾಗ ಮಾತ್ರ ಬೇಲಿಯಾಗಿ ಕೆಲಸ ಮಾಡುತ್ತದೆ. ಬುಡದಿಂದ ಬುಡಕ್ಕೆ 10ರಿಂದ 15 ಸೆಂಟಿಮೀಟರ್ ಅಂತರವಿರಬೇಕು, ಎಂದರೆ ನೂರು ಮೀಟರಿನ ಒಂದು ಸಾಲಿಗೆ 700ರಿಂದ 1000 ಬುಡಗಳು ಬೇಕು. ಒಂದೆರಡು ಬುಡ ಸತ್ತು ಕಿಂಡಿ ಬಿದ್ದರೆ ಹರಿಯುವ ನೀರೆಲ್ಲ ಆ ಕಿಂಡಿಗೇ ನುಗ್ಗಿ, ಸಾಲು ಇಲ್ಲದಿದ್ದಾಗ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಕೊರಕಲು ಮಾಡುತ್ತದೆ. ಆಳೆತ್ತರ ಬೆಳೆದು ನಿಂತಾಗ ಏರಿಯ ಜಿನುಗನ್ನು ಮರೆಮಾಡುವುದರಿಂದ ವರ್ಷಕ್ಕೆ ಒಂದೆರಡು ಬಾರಿ ಮೊಣಕಾಲೆತ್ತರಕ್ಕೆ ಸವರಬೇಕು.

ಇನ್ನೊಂದು ಅಪಾಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಲಾವಂಚದ ಬೇರಿಗೆ ಬೆಲೆಯಿದೆ. ಕುಡಿಯುವ ನೀರಿನ ಹೂಜಿಗೆ, ಬೇಸಿಗೆಯ ಪರದೆಗೆ, ಸುಗಂಧದ ಎಣ್ಣೆಗೆ ಅದು ಬೇಕು. ಬೇರು ಬಲಿತ ಮೇಲೆ ಯಾರಾದರೂ ಏರಿಯಲ್ಲಿ ಅಗೆದು ತೆಗೆದರೆ, ಕಾಯಲೆಂದು ನೆಟ್ಟ ಹುಲ್ಲೇ ಏರಿಯನ್ನು ಉತ್ತಂತಾಗುತ್ತದೆ. ಬೇರು ಮಾರುವ ಆಲೋಚನೆ ಇರುವ ಸಂಘದವರು ಅದಕ್ಕೆ ಬೇರೆ ಜಾಗ ಮಾಡಿಕೊಳ್ಳಬೇಕು.

ಈ ಲೇಖಕನ ಅಭಿಪ್ರಾಯದಲ್ಲಿ ಹೊರಮೈಗೆಲ್ಲ ಗರಿಕೆ ಹೊದೆಸಿ, ಕೊರಕಲು ಬೀಳುವ ಕಡೆ ಮಾತ್ರ ಸಮಪಾತಳಿಯಲ್ಲಿ, ಎಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ, ಲಾವಂಚದ ಒಂದೆರಡು ಸಾಲು ಕೊಡುವುದು ಖರ್ಚಿಗೂ ಕೆಲಸಕ್ಕೂ ಹೊಂದುವ ಏರ್ಪಾಡು. ಲಾವಂಚ ಆರಿಸುವಾಗ ದಕ್ಷಿಣ ಭಾರತದ ಬಗೆಯನ್ನೇ ಕೇಳಿ ತರಬೇಕು. ಅದು ಬೀಜದಿಂದ ಹರಡುವುದಿಲ್ಲ, ನೆಟ್ಟಲ್ಲೇ ನಿಲ್ಲುತ್ತದೆ. ಉತ್ತರದ ಬಗೆ ಬೀಜ ಕಟ್ಟುತ್ತದೆ.

ಕಲ್ಲಿಗೆ ಬದಲಿ ಗಿಡವಲ್ಲ

ಏರಿಯ ಒಳಮೈಯ ಮಾತು ಬೇರೆ. ಅಲ್ಲಿ ಅಲೆ ದಿನವಿಡೀ ಒಂದೇ ಮಟ್ಟದಲ್ಲಿ ಬಡಿಯುತ್ತದೆ. ಮುಂಗಾರಿನ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುವುದರಿಂದ, ನೀರಿನ ಹರವು ದೊಡ್ಡದಾದಷ್ಟೂ ಪೂರ್ವ ಮತ್ತು ಈಶಾನ್ಯದ ದಡಕ್ಕೆ ಪೆಟ್ಟು ಹೆಚ್ಚು. ತೊಣ್ಣೂರು ಕೆರೆಯಂತಹ ವಿಶಾಲ ಕೆರೆಯಲ್ಲಿ ಆಷಾಢದ ಒಂದು ಮಧ್ಯಾಹ್ನ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಒಳಮೈಗೆ ಕಲ್ಲು ಹೊದಿಕೆಯೇ ಬೇಕು, ಹುಲ್ಲನ್ನೊಂದನ್ನೇ ನಂಬುವಂತಿಲ್ಲ. ಗಿಡಗಳ ಪರವಾಗಿ ಬರೆಯುವವರು ಇದನ್ನು ಮುಚ್ಚಿಡಬಾರದು. ಕಲ್ಲಿನ ಸಂದುಗಳಲ್ಲಿ ಗರಿಕೆ ಬಂದರೆ ಬರಲಿ. ಅರಳಿ, ಆಲದ ಸಸಿ ಹುಟ್ಟಿದರೆ ಎಳೆಯದಿರುವಾಗಲೇ ಕಿತ್ತುಬಿಡಬೇಕು.

ಆದರೆ ಏರಿಗೆ ಸರಿಯಾದ ಕಲ್ಲನ್ನು ಕೆರೆಯ ಸುತ್ತಲೂ ಎಳೆದು, ಹಿನ್ನೀರ ದಡಕ್ಕೂ ಕಾಂಕ್ರೀಟ್ ಗೋಡೆ ಎಬ್ಬಿಸುವುದನ್ನು ಮಾತ್ರ ಒಪ್ಪಲಾಗದು. ನೆಟ್ಟಗಿನ ಗೋಡೆಗೆ ಬಡಿದ ಅಲೆ ಕರಗುವುದಿಲ್ಲ, ಹಿಂದಕ್ಕೆ ಚಿಮ್ಮಿ ಗೋಡೆಯ ಬುಡವನ್ನೇ ಕೆರೆಯುತ್ತದೆ. ಕಪ್ಪೆ, ಆಮೆ ಮೇಲೆ ಹತ್ತಲಾರವು. ಕೆಸರಿನಲ್ಲಿ ಮೇಯುವ ಉಲ್ಲಂಕಿ, ಕೊಕ್ಕರೆಗಳಿಗೆ ತೆಳುನೀರಿನ ಜಾಗ ಉಳಿಯುವುದಿಲ್ಲ. ಅದೇ ಹಣದಲ್ಲಿ ದಡವನ್ನು ಒಂದಕ್ಕೆ ಮೂರರಷ್ಟು (ಒಂದಡಿ ಎತ್ತರಕ್ಕೆ ಮೂರಡಿ ಅಡ್ಡಳತೆ) ಅಥವಾ ಅದಕ್ಕಿಂತ ಸೌಮ್ಯವಾದ ಇಳಿಜಾರಾಗಿ ಸವರಿ, ತೆಂಗಿನ ನಾರಿನ ಜಾಲ ಹಾಸಿ ಗಿಡ ಹಿಡಿಸಬಹುದು. ನಾರಿನ ಜಾಲ ಎರಡು ಮೂರು ವರ್ಷ ಬಾಳಿ ಮಣ್ಣಾಗುತ್ತದೆ, ಅಷ್ಟರಲ್ಲಿ ಬೇರು ಕೆಲಸ ವಹಿಸಿಕೊಂಡಿರುತ್ತದೆ. ಇಳಿಜಾರು ಸವರದೆ, ಜೆಸಿಬಿ ಕಡಿದ ಗೋಡೆಯಂಥ ಅಂಚಿನ ತುದಿಯಲ್ಲಿ ಏನು ನೆಟ್ಟರೂ ಮೊದಲ ಮಳೆಗೆ ಮಣ್ಣಿನ ಸಮೇತ ಕೆಳಗೆ ಬರುತ್ತದೆ.

ನೀರಿನ ಅಂಚು: ಜೊಂಡು, ಜೇಕು

ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ಬೆಳೆಯುವ ಜೊಂಡು ಅಲೆಯನ್ನು ದಡ ಮುಟ್ಟುವ ಮೊದಲೇ ಮುರಿಯುತ್ತದೆ; ಕೆಸರಿನಲ್ಲಿ ಹರಿದಾಡುವ ಅದರ ಗೆಡ್ಡೆಯಂಥ ಕಾಂಡ ಅಂಗಳದ ಮಣ್ಣನ್ನು ಹೆಣೆದಿಡುತ್ತದೆ. ನಾಮದ ಕೋಳಿಗಳು ಅದರ ಮರೆಯಲ್ಲಿ ಗೂಡು ಮಾಡುತ್ತವೆ, ಗೀಜಗ ಎಲೆ ಸೀಳಿ ಒಯ್ಯುತ್ತದೆ. ಇಷ್ಟೆಲ್ಲ ಗುಣವಿದ್ದರೂ ಅದನ್ನು ತಂದು ನೆಡಬೇಡಿ ಎಂಬುದೇ ನನ್ನ ಸಲಹೆ. ಗಾಳಿಯಲ್ಲಿ ತೇಲಿ ಬರುವ ಅದರ ಬೀಜ ಒದ್ದೆ ಅಂಚನ್ನು ತಾನೇ ಹುಡುಕಿಕೊಳ್ಳುತ್ತದೆ. ಬಂದದ್ದನ್ನು ಹದ್ದಿನಲ್ಲಿಡುವುದೇ ನಮ್ಮ ಪಾಲಿನ ಕೆಲಸ. ತೂಬಿನ ಬಾಯಿ, ಕೋಡಿ, ಕಾಲುವೆಯ ಬಾಯಿಗಳಲ್ಲಿ ಅದು ಇರಕೂಡದು. ತೆಗೆಯಬೇಕಾದಾಗ ಮೇಲೆ ಕೊಯ್ದರೆ ಪ್ರಯೋಜನವಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದು, ಕೊಯ್ದ ಮೋಟು ಮುಳುಗಿಯೇ ಇರುವಂತೆ ನೋಡಿಕೊಂಡರೆ ಬೇರಿಗೆ ಗಾಳಿ ಸಿಗದೆ ಸಾಯುತ್ತದೆ.

ಕೊಳಚೆ ಸೇರದ, ಮಟ್ಟ ಏರಿಳಿಯುವ ಕೆರೆಗಳಿಗೆ ಜೊಂಡಿಗಿಂತ ಜೇಕಿನ ಜಾತಿಯ ಹುಲ್ಲುಗಳು ಹೆಚ್ಚು ಹೊಂದುತ್ತವೆ. ಅವು ಗಿಡ್ಡ, ನೀರು ಸರಿದಂತೆ ತಾವೂ ಕೆಳಕ್ಕೆ ಸರಿಯುತ್ತವೆ. ಅವನ್ನೂ ನೆಡುವುದಕ್ಕಿಂತ, ಒಂದು ಮಳೆಗಾಲ ದನ ಬಿಡದೆ ಕಾದರೆ ತಾವೇ ಹುಟ್ಟುತ್ತವೆ.

ಹಿನ್ನೀರ ದಡದ ಮರಗಳು

ಮರ ನೆಡಬೇಕೆಂಬ ಆಸೆಯನ್ನೆಲ್ಲ ಇಲ್ಲಿ ತೀರಿಸಿಕೊಳ್ಳಬಹುದು. ಯಾವ ಮರ ಎಂಬುದಕ್ಕೆ ಕೈಗೆಟುಕುವ ಪಾಠಶಾಲೆ ಕಾವೇರಿಯೇ. ರಂಗನತಿಟ್ಟಿನ ನಡುಗಡ್ಡೆಗಳನ್ನು ಶತಮಾನಗಳ ಪ್ರವಾಹದ ನಡುವೆ ಹಿಡಿದು ನಿಲ್ಲಿಸಿರುವ ಸಸ್ಯಗಳಲ್ಲಿ ಹೊಳೆಮತ್ತಿ, ಬಿದಿರು ಮತ್ತು ಕೇದಿಗೆ ಮುಖ್ಯವಾದವು.

ಹೊಳೆಮತ್ತಿ ಬಲವಾದ ಬೇರಿನ, ನೂರಾರು ವರ್ಷ ಬಾಳುವ ಮರ; ಕಾಲು ನೀರಿನಲ್ಲಿದ್ದರೂ ಹಿಗ್ಗುತ್ತದೆ. ಆದರೆ ದೊಡ್ಡದಾಗುವುದರಿಂದ ಮರದಿಂದ ಮರಕ್ಕೆ ಎಂಟು ಮೀಟರಾದರೂ ಬೇಕು, ಮೊದಲ ಮೂರು ವರ್ಷ ಬೇಸಿಗೆಯಲ್ಲಿ ನೀರು ಹೊರಬೇಕು. ಬಸಿನೀರಿನ ಕೆರೆಗಳಿಗೆ ಅದೇ ಮೊದಲ ಆಯ್ಕೆ. ಹೊಂಗೆ ಅದಕ್ಕಿಂತ ಸಣ್ಣ ಮರ, ಆದರೆ ಒಣ ಬೇಸಿಗೆಯನ್ನೂ ಒದ್ದೆ ಕಾಲನ್ನೂ ಸಮನಾಗಿ ತಾಳುತ್ತದೆ, ದನ ಬಾಯಿ ಹಾಕುವುದು ಕಡಿಮೆ, ಸೊಪ್ಪು ಭತ್ತದ ಗದ್ದೆಗೆ ಗೊಬ್ಬರವಾಗುತ್ತದೆ. ಬೇಸಿಗೆಗೆ ಒಣಗುವ ಕೆರೆಗಳಲ್ಲಿ ನಾನು ಹೊಂಗೆಯನ್ನೇ ಮುಂದೆ ಮಾಡುತ್ತೇನೆ. ನಡುವೆ ನೇರಳೆ, ಅತ್ತಿ ಇದ್ದರೆ ಹಕ್ಕಿಗಳಿಗೂ ಮಕ್ಕಳಿಗೂ ಆಯಿತು. ತಿಂಗಳುಗಟ್ಟಲೆ ನೀರು ನಿಲ್ಲುವ ತಗ್ಗಿನ ಅಂಗಳಕ್ಕೆ ಕರಿಜಾಲಿ ಸರಿ. ಮುಳ್ಳಿನಿಂದ ಮೀನಿನ ಬಲೆ ಹರಿಯುತ್ತದೆಂಬ ದೂರು ಬರುತ್ತದೆ, ಆದ್ದರಿಂದ ಒಂದು ಮೂಲೆಗೆ ಮೀಸಲಿಡಬೇಕು. ಕರಿಜಾಲಿ ಎಂದು ಹೊರನಾಡಿನ ಬಳ್ಳಾರಿ ಜಾಲಿಯನ್ನು ತಂದು ಹಾಕುವ ತಪ್ಪಂತೂ ಆಗಬಾರದು.

ಬಿದಿರು ಮಣ್ಣು ಹಿಡಿಯುವುದರಲ್ಲಿ ನಿಪುಣ, ಆದರೆ ಮೆಳೆ ವರ್ಷವರ್ಷಕ್ಕೂ ಹಿಗ್ಗುತ್ತದೆ, ಹೂ ಬಿಟ್ಟಾಗ ಮೆಳೆಗೆ ಮೆಳೆಯೇ ಒಟ್ಟಿಗೆ ಸಾಯುತ್ತದೆ. ಜಾಗ ಧಾರಾಳವಾಗಿರುವ ಕೆರೆಗೆ ಮಾತ್ರ ಅದು.

ಹಳ್ಳ ಕೆರೆಗೆ ಸೇರುವ ಬಾಯಿಯಲ್ಲಿ ನೀರಿನ ರಭಸವೇ ಶತ್ರು, ಅಲ್ಲಿ ಮರಕ್ಕಿಂತ ಪೊದೆ ಮೇಲು. ಲಕ್ಕಿಯ ಹೆಬ್ಬೆರಳು ಗಾತ್ರದ ಕಡ್ಡಿಯನ್ನು ಮಳೆಗಾಲದಲ್ಲಿ ಓರೆಯಾಗಿ ಚುಚ್ಚಿದರೆ ಬೇರು ಬಿಡುತ್ತದೆ. ಮೇಕೆಯೂ ಅದನ್ನು ಮುಟ್ಟುವುದಿಲ್ಲ. ಪ್ರವಾಹಕ್ಕೆ ಬಾಗಿ, ಇಳಿದ ಮೇಲೆ ಏಳುತ್ತದೆ. ಕೇದಿಗೆ ಊರುಗೋಲಿನಂಥ ಬೇರುಗಳಿಂದ ದಂಡೆಯನ್ನು ಆನಿಸಿ ಹಿಡಿಯುತ್ತದೆ, ಮುಳ್ಳಿನ ಎಲೆಯಿಂದಾಗಿ ಬೇಲಿ ಬೇಕಾಗಿಲ್ಲ. ಆದರೆ ಒಮ್ಮೆ ಹಬ್ಬಿದ ಮೇಲೆ ಒಳಗೆ ಕಾಲಿಡುವಂತಿಲ್ಲ, ಹಾವಿರುತ್ತದೆಂದು ಜನ ಸುಟ್ಟುಬಿಡುವುದೂ ಉಂಟು. ಜನ ಬಟ್ಟೆ ಒಗೆಯುವ, ದನ ತೊಳೆಯುವ ಜಾಗದಿಂದ ದೂರ ಇಡುವುದು ಎರಡು ಕಡೆಯವರಿಗೂ ಕ್ಷೇಮ.

ಪ್ಯಾರಾ ಹುಲ್ಲು, ನೇಪಿಯರ್, ಸುಬಾಬುಲ್ ಮೇವಿನ ಆಸೆಗೆ ಕೆರೆಯಂಚಿಗೆ ಬರುತ್ತವೆ; ಹಳದಿ ಹೂವಿನ ವೆಡೀಲಿಯಾ ಬಳ್ಳಿ ಅಂದದ ಆಸೆಗೆ ಬರುತ್ತದೆ. ಇವು ಬೇಗ ಹಸಿರು ತೋರಿಸುತ್ತವೆ ಎಂಬುದೇ ಇವುಗಳ ಮೋಸ. ಪ್ಯಾರಾ ಹುಲ್ಲು ಕಾಲುವೆಗಿಳಿದರೆ ನೀರಿನ ದಾರಿಯನ್ನೇ ಕಟ್ಟುತ್ತದೆ. ಹೈನು ಮಾಡುವವರಿಗೆ ಮೇವು ಬೇಕೆಂದರೆ ತೋಟದ ಬದುವಿದೆ.

ನೆಡುವ ಕಾಲ ಮತ್ತು ಜನ

ಎಲ್ಲವನ್ನೂ ಜೂನಿನಲ್ಲೇ ನೆಡುವುದು ರೂಢಿ, ಆದರೆ ಕೆರೆಯಂಚಿಗೆ ಅದು ಅರ್ಧ ಸರಿ. ನೀರು ಮುಟ್ಟದ ಮೇಲಿನ ಪಟ್ಟಿಯಲ್ಲಿ ಮರಗಳನ್ನೂ, ಏರಿಯ ಹೊರಮೈಯಲ್ಲಿ ಗರಿಕೆ, ಲಾವಂಚಗಳನ್ನೂ ಆರಿದ್ರಾ ಮಳೆಯ ಹೊತ್ತಿಗೆ ನೆಟ್ಟರೆ ಹಿಂಗಾರಿನ ದೊಡ್ಡ ಮಳೆಗೆ ಬೇರು ಸಿದ್ಧವಾಗಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಆಗ ನೆಟ್ಟ ಎಳೆಯ ಸಸಿ ಅಕ್ಟೋಬರಿನಲ್ಲಿ ಮುಳುಗಿ ಸಾಯುತ್ತದೆ. ಅಲ್ಲಿಗೆ, ನೀರು ಇಳಿಯತೊಡಗಿದ ಮೇಲೆ ಒದ್ದೆ ಮಣ್ಣನ್ನು ಹಿಂಬಾಲಿಸಿಕೊಂಡು ಇಳಿಯುತ್ತ ನೆಡಬೇಕು.

ಅನುಮತಿಯ ಮಾತನ್ನು ಮೊದಲೇ ಮುಗಿಸಿಕೊಳ್ಳಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳವು. ಇದಕ್ಕಿಂತ ಕಷ್ಟದ ಅನುಮತಿ ಊರಿನದು. ದನ ನೀರಿಗಿಳಿಯುವ ಹಾದಿಗೆ ಅಡ್ಡಲಾಗಿ ಬೇಲಿ ಹಾಕಿದರೆ ಅದು ಒಂದು ವಾರವೂ ನಿಲ್ಲುವುದಿಲ್ಲ. ದನಕ್ಕೆ ಕಲ್ಲು ಹಾಸಿದ ಒಂದು ಇಳಿಜಾರು, ಬಟ್ಟೆ ಒಗೆಯುವವರಿಗೆ ಸೋಪಾನ, ಮೀನು ಹಿಡಿಯುವವರ ಹರಿಗೋಲಿಗೆ ಒಂದು ಬಯಲು ಬಾಯಿ, ಗಣಪತಿ ಬಿಡುವುದಕ್ಕೆ ಒಂದು ಜಾಗ, ಇಷ್ಟನ್ನು ಮೊದಲು ಗುರುತಿಸಿ ಉಳಿದದ್ದರಲ್ಲಿ ನೆಡುವುದು ಲೇಸು.

ನೆಟ್ಟ ಮೇಲೆ ದಡ ನಿಂತಿತೋ ಇಲ್ಲವೋ ಎಂಬುದನ್ನು ಹಸಿರನ್ನು ನೋಡಿ ಹೇಳಲಾಗದು. ಕಲ್ಲಿನ ಅಥವಾ ಕಬ್ಬಿಣದ ಕೆಲವು ಗೂಟಗಳನ್ನು ಅಂಚಿನಿಂದ ಐದು ಮೀಟರ್ ಹಿಂದೆ ಹುಗಿದು, ಒಂದಕ್ಕೊಂದು ಸುಮಾರು ಐವತ್ತು ಮೀಟರ್ ಅಂತರವಿಟ್ಟು, ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಗೂಟದಿಂದ ಅಂಚಿನವರೆಗೆ ಟೇಪು ಹಿಡಿದು ಅಳೆದು ಶಾಲೆಯ ಪುಸ್ತಕವೊಂದರಲ್ಲಿ ಬರೆದಿಡಬೇಕು. ಮೂರನೆಯ ವರ್ಷ ಯಾವ ಗೂಟದ ಎದುರು ಅಂಕಿ ಇನ್ನೂ ಇಳಿಯುತ್ತಿದೆಯೋ ಅಲ್ಲಿ ಆರಿಸಿದ ಗಿಡ ತಪ್ಪಾಗಿದೆ, ಇಲ್ಲವೇ ಇಳಿಜಾರನ್ನು ಸವರಿದ್ದು ಸಾಲದಾಗಿದೆ.